ಕೆಂಪು ಧೂಳಿನ ಊರಲ್ಲಿ ಮನೆ ಸರ್ವರ್

ಹೊಸಪೇಟೆ ಕಡೆಯ ಹಳೆಯ ಮನೆಯೊಂದರ ಬೀರು ತೆಗೆದರೆ ನಲವತ್ತು ವರ್ಷದ ಮನರಂಜನೆ ಪದರಪದರವಾಗಿ ಸಿಗುತ್ತದೆ. ಎಲ್ಲಕ್ಕಿಂತ ಕೆಳಗೆ ಆಡಿಯೊ ಕ್ಯಾಸೆಟ್ಟುಗಳು, ಅವುಗಳ ಮೇಲೆ ಮದುವೆಯ ವಿಎಚ್‌ಎಸ್ ಟೇಪು, ಅದರ ಮೇಲೆ ನಾಟಕದ ವಿಸಿಡಿ, ಸ್ಟುಡಿಯೊದವರು ಹೂವಿನ ಚಿತ್ರದ ಡಬ್ಬಿಯಲ್ಲಿ ಹಾಕಿಕೊಟ್ಟ ಡಿವಿಡಿ, ಎರಡು ಮೂರು ಪೆನ್‌ಡ್ರೈವ್, ಕೊನೆಗೆ ಚಾರ್ಜ್ ಹಿಡಿಯದ ಹಳೆಯ ಫೋನುಗಳು. ಇಷ್ಟನ್ನೂ ಒಂದೇ ಕಡೆ ತುಂಬಿಸಿ, ಬೇಕೆಂದಾಗ ಪಡಸಾಲೆಯ ಟಿವಿಯಲ್ಲೋ ಕೈಯ ಫೋನಿನಲ್ಲೋ ನೋಡುವಂತೆ ಮಾಡುವುದು ಈಗ ಕಷ್ಟದ ಕೆಲಸವಲ್ಲ. ಸದಾ ಚಾಲೂ ಇರುವ ಒಂದು ಸಣ್ಣ ಕಂಪ್ಯೂಟರ್, ಒಂದೆರಡು ಹಾರ್ಡ್ ಡಿಸ್ಕ್, ಪುಕ್ಕಟೆ ಸಿಗುವ ತಂತ್ರಾಂಶ ಇದ್ದರಾಯಿತು. ಅದನ್ನೇ ಮನೆಯ ಮೀಡಿಯಾ ಸರ್ವರ್ ಅನ್ನುತ್ತಾರೆ. ಸರ್ವರ್ ಅಂದಕೂಡಲೇ ಸರ್ಕಾರಿ ಕೌಂಟರಿನ ಮುಂದೆ ‘ಸರ್ವರ್ ಡೌನ್ ಐತ್ರೀ, ನಾಳೆ ಬರ್ರಿ’ ಅನ್ನಿಸಿಕೊಂಡ ನೆನಪಾಗುವುದು ಸಹಜ. ಇದು ಅಷ್ಟು ದೊಡ್ಡದೂ ಅಲ್ಲ, ಅಷ್ಟು ದೂರದ್ದೂ ಅಲ್ಲ.

ತೊಂದರೆ ಇರುವುದು ಸಲಹೆಗಳಲ್ಲಿ. ಈ ವಿಷಯದ ಬಗ್ಗೆ ಸಿಗುವ ಮಾಹಿತಿಯೆಲ್ಲ ಬಹುಪಾಲು ತಂಪು ದೇಶದವರು ಬರೆದದ್ದು. ಅವರ ಸರ್ವರ್ ಇರುವುದು ವರ್ಷವಿಡೀ ತಣ್ಣಗಿರುವ ನೆಲಮಾಳಿಗೆಯಲ್ಲಿ. ಕರೆಂಟು ಹೋಗುವುದು ಅವರಿಗೆ ಅಪರೂಪದ ಘಟನೆ. ಹೀಗಾಗಿ ಅವರ ಚರ್ಚೆಯೆಲ್ಲ ಪ್ರೊಸೆಸರ್ ಎಷ್ಟು ವೇಗದ್ದು ಎಂಬುದರ ಸುತ್ತ ಸುತ್ತುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ, ಅದಿರು ಲಾರಿಗಳ ಧೂಳು ಕಿಟಕಿ ಕಂಬಿಯ ಮೇಲೆ ಕೂರುವ, ಗುಡುಗು ಶುರುವಾದರೆ ಟಿವಿ ಪ್ಲಗ್ ಕಿತ್ತಿಡುವ ನಮ್ಮ ಕಡೆ ಪ್ರಶ್ನೆಗಳೇ ಬೇರೆ. ಕರೆಂಟ್ ಬಿಲ್ ಎಷ್ಟಾಗುತ್ತದೆ, ಧೂಳನ್ನು ಹೇಗೆ ತಡೆಯುತ್ತದೆ, ಒಳಗೆ ಇಡುವುದು ಏನು? ವೇಗ ನಾಲ್ಕನೆಯ ಪ್ರಶ್ನೆ.

ಮೊದಲು ಬಿಲ್ಲಿನ ಮಾತು. ಸರ್ವರ್ ದಿನಕ್ಕೆ 24 ಗಂಟೆ ಓಡುತ್ತದೆ. ತಿಂಗಳಿಗೆ 720 ಗಂಟೆ. ಅದು ಎಳೆಯುವ ಒಂದೊಂದು ವ್ಯಾಟ್ ವರ್ಷಕ್ಕೆ 8.76 ಯೂನಿಟ್ ಆಗುತ್ತದೆ. ಗೃಹಬಳಕೆಗೆ 2025–26ರ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ; ಮೇಲಿನ ತೆರಿಗೆ, ಸರ್‌ಚಾರ್ಜು ಬೇರೆ. ಅಂದರೆ ಒಂದು ವ್ಯಾಟಿಗೆ ವರ್ಷಕ್ಕೆ ಸುಮಾರು 50 ರೂಪಾಯಿ ಎಂದು ಬಾಯಿಲೆಕ್ಕ ಇಟ್ಟುಕೊಳ್ಳಬಹುದು. ಮೂಲೆಯಲ್ಲಿ ಬಿದ್ದಿರುವ ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಕೂತಾಗಲೂ 50 ವ್ಯಾಟ್ ಆಸುಪಾಸು ತಿನ್ನುತ್ತದೆ. ‘ಹೆಂಗೂ ಮನ್ಯಾಗ ಐತಲ್ಲ’ ಎಂದು ಅದನ್ನು ಸರ್ವರ್ ಮಾಡಿದರೆ ಆ ಪುಕ್ಕಟೆ ಪೆಟ್ಟಿಗೆ ವರ್ಷಕ್ಕೆ ಎರಡೂವರೆ ಸಾವಿರ ರೂಪಾಯಿ ಕೇಳುತ್ತದೆ.

ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕ ಇನ್ನೂ ಕುತೂಹಲದ್ದಾಗಿದೆ. 2023ರ ಜುಲೈನಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದು ಎಲ್ಲರಿಗೂ ಗೊತ್ತು. ಆದರೆ ಪ್ರತಿ ಮನೆಗೂ ಅದರದೇ ಮಿತಿ ಇದೆ: 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ 10. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇಕಡಾವಾರಿನ ಬದಲು 10 ಯೂನಿಟ್. ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್. ಈಗ ಸರಾಸರಿ 90 ಯೂನಿಟ್ ಇದ್ದ ಒಂದು ಮನೆಯನ್ನು ತೆಗೆದುಕೊಳ್ಳಿ. ಅವರ ಮಿತಿ 99. ಅಲ್ಲಿ 11 ವ್ಯಾಟಿನ ಸಣ್ಣ ಪೆಟ್ಟಿಗೆ ಇಟ್ಟರೆ ತಿಂಗಳಿಗೆ ಸುಮಾರು 8 ಯೂನಿಟ್. ಜೆಸ್ಕಾಂ ಬಿಲ್ಲಿನಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಅದೇ ಮನೆಯಲ್ಲಿ ಮಗ ಗೇಮ್ ಆಡಲು ಕಟ್ಟಿಸಿದ, 100 ವ್ಯಾಟ್ ಎಳೆಯುವ ಪಿಸಿಯನ್ನು ರಾತ್ರಿ ಹಗಲು ಬಿಟ್ಟರೆ 72 ಯೂನಿಟ್ ಸೇರಿ 162 ಆಗುತ್ತದೆ. 63 ಯೂನಿಟ್‌ಗೆ ಹಣ ಕಟ್ಟಬೇಕು. ಸರಾಸರಿ 130 ಇದ್ದ ಮನೆಯಲ್ಲಿ ಇದೇ ಪಿಸಿ ಓಡಿದರೆ ಒಟ್ಟು 202. ಎರಡೇ ಯೂನಿಟ್ ಹೆಚ್ಚಾದ ತಪ್ಪಿಗೆ ಸಾವಿರದ ಮೇಲಿನ ಬಿಲ್ ಬಾಗಿಲಿಗೆ ಬರುತ್ತದೆ. ಶೇ 10ರ ರಿಯಾಯಿತಿಯನ್ನು ಸರ್ವರಿಗೆಂದು ಯಾರೂ ಇಟ್ಟದ್ದಲ್ಲ. ಆದರೂ ಹತ್ತು ಹನ್ನೆರಡು ವ್ಯಾಟಿನ ಪೆಟ್ಟಿಗೆಗೆ ಅಳತೆ ಕೊಟ್ಟು ಹೊಲಿಸಿದಂತಿದೆ.

ಎರಡನೆಯದು ಧೂಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸುವವರೆಗೆ ಸಂಡೂರು–ಹೊಸಪೇಟೆ ರಸ್ತೆ ಹೇಗಿತ್ತು ಎಂಬುದನ್ನು ನೋಡಿದವರಿಗೆ ಹೇಳಬೇಕಿಲ್ಲ. ರಸ್ತೆಬದಿಯ ಗಿಡಗಳ ಎಲೆ ಹಸಿರೆಂದು ಹೇಳಲು ಧೈರ್ಯ ಬೇಕಿತ್ತು. ಗಣಿಗಳು ನಿಯಮದ ಚೌಕಟ್ಟಿನಲ್ಲಿ ಮತ್ತೆ ತೆರೆದಿವೆ, ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೆ ಲಾರಿಗಳಿವೆ, ಧೂಳಿದೆ. ಕಂಪ್ಯೂಟರಿನ ಫ್ಯಾನು ಗಾಳಿಯ ಜೊತೆ ಅದನ್ನೂ ಒಳಗೆಳೆದುಕೊಂಡು ಹೀಟ್‌ಸಿಂಕಿನ ಸಂದಿಗಳಿಗೆ ಮೆತ್ತುತ್ತದೆ. ಮಳೆಗಾಲದ ತೇವ ಸೇರಿದರೆ ಅದು ಗಟ್ಟಿ ಪದರವಾಗಿ ಕೂರುತ್ತದೆ. ಆಮೇಲೆ ಶಾಖ ಹೊರಹೋಗುವುದಿಲ್ಲ, ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ನಿಧಾನವಾಗುತ್ತದೆ, ಮನೆಯವರು ‘ವೈರಸ್ ಬಂದೈತಿ’ ಎಂದು ರಿಪೇರಿಗೆ ಒಯ್ಯುತ್ತಾರೆ. ಅಂಗಡಿಯವ ಬ್ಲೋವರ್ ಹಿಡಿದು ಊದಿದರೆ ವೈರಸ್ ಹೋಗುತ್ತದೆ. ಸಂಡೂರು, ತೋರಣಗಲ್ಲು ಕಡೆಯವರು ಫ್ಯಾನೇ ಇಲ್ಲದ ಪೆಟ್ಟಿಗೆ ಸಿಗುವಾಗ ಫ್ಯಾನಿನದನ್ನು ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಕಂಪ್ಲಿಯ ಕಷ್ಟ ಬೇರೆ ಬಣ್ಣದ್ದು. ಅಲ್ಲಿ ಕಾಲುವೆ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. ಗದ್ದೆಗೆ ನೀರು ನಿಂತ ಕಾಲದಲ್ಲಿ ಸಂಜೆಯ ದೀಪಕ್ಕೆ ಮುತ್ತುವ ಹುಳಗಳಿಗೂ, ಬೆಚ್ಚಗಿನ ಜಾಗ ಹುಡುಕುವ ಹಲ್ಲಿಗೂ ಸದಾ ಬಿಸಿಯಾಗಿರುವ ಅಡಾಪ್ಟರ್ ಅಂದರೆ ಪ್ರೀತಿ. ಸರ್ವರನ್ನು ನೆಲದ ಮೇಲೆ ಇಡದೆ ಎದೆಮಟ್ಟದ ಕಪಾಟಿನಲ್ಲಿ, ಹಿಂದೆ ಮುಂದೆ ಒಂದು ಗೇಣು ಜಾಗ ಬಿಟ್ಟು ಇಟ್ಟರೆ ಅರ್ಧ ತೊಂದರೆ ಮುಗಿಯುತ್ತದೆ. ಬಾಗಿಲು ಮುಚ್ಚಿದ ಟಿವಿ ಶೋಕೇಸಿನೊಳಗೆ ಮಾತ್ರ ಬೇಡ. ಮೇಲ್ಛಾವಣಿಯ ಬಿಸಿಗೆ ಕೋಣೆಯೇ 40 ಡಿಗ್ರಿ ಇರುವಾಗ ಆ ಪೆಟ್ಟಿಗೆಯೊಳಗಿನ ಡಿಸ್ಕ್ 55 ಮುಟ್ಟುವುದು ದೊಡ್ಡದಲ್ಲ. ಬಹುತೇಕ ಹಾರ್ಡ್ ಡಿಸ್ಕುಗಳಿಗೆ ತಯಾರಕರು ಹಾಕಿರುವ ಗರಿಷ್ಠ ಮಿತಿಯೇ 60.

ಇನ್ನು ಅರ್ಥಿಂಗ್. ಹೊಸಪೇಟೆ, ಹಂಪಿ, ಕಮಲಾಪುರದ ನೆಲ ಬಂಡೆಗಲ್ಲಿನದು. ಎರಡಡಿ ಅಗೆದರೆ ಕಲ್ಲು ಸಿಗುವ ಕಡೆ ಅರ್ಥಿಂಗ್ ಗುಂಡಿ ಹೆಸರಿಗೆ ಮಾತ್ರ ಇರುತ್ತದೆ. ಇದ್ದಿಲು ಉಪ್ಪು ಹಾಕಿ ಮಾಡಿಸಿದ್ದರೂ ಬೇಸಿಗೆಯಲ್ಲಿ ನೀರು ಹಾಕದೆ ಒಣಗಿಸಿದರೆ ಪ್ರಯೋಜನವಿಲ್ಲ. ಸರ್ವರಿನ ಲೋಹದ ಕವಚ ಮುಟ್ಟಿದಾಗ ಕೈಗೆ ಜುಮ್ಮೆಂದರೆ ದೂರಬೇಕಾದದ್ದು ಸರ್ವರನ್ನಲ್ಲ, ಗೋಡೆಯ ಮೂರನೇ ತೂತನ್ನು. ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನಿಗೆ ಕೊಡುವ ದುಡ್ಡು ಹೆಚ್ಚಿನ ರ‍್ಯಾಮಿಗೆ ಕೊಡುವ ದುಡ್ಡಿಗಿಂತ ಚೆನ್ನಾಗಿ ದುಡಿಯುತ್ತದೆ.

ಇನ್ವರ್ಟರ್ ಈಗ ಬಹಳ ಮನೆಗಳಲ್ಲಿದೆ. ಅದರ ಹಿಂಬದಿಯ ಸಣ್ಣ ಸ್ವಿಚ್ಚನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಹೆಚ್ಚಿನ ಇನ್ವರ್ಟರುಗಳಲ್ಲಿ ಸಾಮಾನ್ಯ ಮೋಡ್, ಯುಪಿಎಸ್ ಮೋಡ್ ಎಂದು ಎರಡಿರುತ್ತವೆ. ಸಾಮಾನ್ಯ ಮೋಡಿನಲ್ಲಿ ಕರೆಂಟು ಹೋಗಿ ಬ್ಯಾಟರಿ ಹಿಡಿಯುವ ಕಣ್ಣುಮಿಟುಕಿನಲ್ಲಿ ಫ್ಯಾನಿಗೆ ಏನೂ ಆಗುವುದಿಲ್ಲ, ಕಂಪ್ಯೂಟರ್ ಸತ್ತು ಹುಟ್ಟುತ್ತದೆ. ಯುಪಿಎಸ್ ಮೋಡಿಗೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ವೋಲ್ಟೇಜ್ ತೀರಾ ಇಳಿದರೂ ಬ್ಯಾಟರಿಗೆ ಹೋಗುತ್ತದೆ. 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ ಇದೆ. ಸಣ್ಣ ಸರ್ವರ್, ರೂಟರ್, ಫೈಬರ್ ಪೆಟ್ಟಿಗೆ ಮೂರೂ ಸೇರಿ 25 ವ್ಯಾಟ್ ಆದರೆ ಇಡೀ ರಾತ್ರಿ ಕರೆಂಟಿಲ್ಲದಿದ್ದರೂ ಅವು ನಡೆದಾವು.

ಈಗ ಪೆಟ್ಟಿಗೆ. ಇದಕ್ಕೆ ಸರ್ವರ್ ಕೆಲಸದ ಒಂದು ಗುಟ್ಟು ಗೊತ್ತಿರಬೇಕು. ಟಿವಿಗೋ ಫೋನಿಗೋ ನೇರವಾಗಿ ನುಡಿಸಲು ಬರುವ ಫೈಲಾದರೆ ಸರ್ವರಿಗೆ ಕೆಲಸವೇ ಇಲ್ಲ. ಡಿಸ್ಕಿನಿಂದ ಓದಿ ಕಳಿಸಿದರಾಯಿತು. ಬಾರದಿದ್ದರೆ ಆ ಕ್ಷಣದಲ್ಲೇ ಬೇರೆ ರೂಪಕ್ಕೆ ಪರಿವರ್ತಿಸಿ ಕಳಿಸಬೇಕು. ಇದು ಟ್ರಾನ್ಸ್‌ಕೋಡಿಂಗ್. ಜನ ದೊಡ್ಡ ಪ್ರೊಸೆಸರ್ ಕೊಳ್ಳುವುದೆಲ್ಲ ಇದಕ್ಕಾಗಿ. ನಮ್ಮ ವಿಸಿಡಿ ಡಿವಿಡಿಗಳ ಎಂಪೆಗ್-1, ಎಂಪೆಗ್-2 ಫೈಲುಗಳನ್ನು ಬ್ರೌಸರ್‌ಗಳು ನುಡಿಸುವುದಿಲ್ಲ. ಹಾಗಾಗಿ ಟ್ರಾನ್ಸ್‌ಕೋಡಿಂಗ್ ಬೇಕೇ ಬೇಕು ಅನ್ನಿಸುತ್ತದೆ. ಆದರೆ ಅವನ್ನು ಒಂದು ಸಲ, ರಾತ್ರಿ ಮಲಗುವಾಗ ಹಚ್ಚಿಟ್ಟು, ಎಲ್ಲೆಡೆ ನುಡಿಯುವ ಎಚ್.264ಕ್ಕೆ ಬದಲಿಸಿಕೊಂಡರೆ ಆಮೇಲೆ ಸರ್ವರಿಗೆ ಆ ಭಾರವೇ ಇಲ್ಲ. ಮೂಲ ಫೈಲನ್ನು ಮಾತ್ರ ಅಳಿಸಬಾರದು.

ಹೀಗೆ ನೋಡಿದರೆ ಆಯ್ಕೆ ಸರಳ. ರಾಸ್ಪ್‌ಬೆರಿ ಪೈ ಎಂದರೆ ಅಂಗೈಯಗಲದ ಬೋರ್ಡು. ನಾಲ್ಕಾರು ವ್ಯಾಟಿನಲ್ಲಿ ಬದುಕುತ್ತದೆ, ಹುಡುಗರಿಗೆ ಕಲಿಯಲು ಬಹಳ ಒಳ್ಳೆಯದು. ಆದರೆ 2023ರಲ್ಲಿ ಬಂದ ಪೈ 5ರಲ್ಲಿ ವಿಡಿಯೊ ಎನ್‌ಕೋಡ್ ಮಾಡುವ ಯಂತ್ರಾಂಶವೇ ಇಲ್ಲ. ಡಬ್ಬಿ, ಅಡಾಪ್ಟರ್, ಎಸ್‌ಎಸ್‌ಡಿ ಎಲ್ಲ ಸೇರಿಸುವ ಹೊತ್ತಿಗೆ ಬೆಲೆ ಒಂದು ಪೂರ್ತಿ ಕಂಪ್ಯೂಟರಿನ ಹತ್ತಿರ ಹೋಗುತ್ತದೆ. ಅದೇ ವರ್ಷ ಬಂದ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿಗಳು ಈ ಕೆಲಸಕ್ಕೆ ಸರಿಯಾಗಿ ಹೊಂದುತ್ತವೆ: ಆರು ವ್ಯಾಟ್ ವರ್ಗದ ಚಿಪ್, ಒಳಗೇ ವಿಡಿಯೊ ಪರಿವರ್ತಿಸುವ ಭಾಗ, ಫ್ಯಾನಿಲ್ಲದ ಮಾದರಿಗಳೂ ಉಂಟು. ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿಯೇ ಯುಪಿಎಸ್. ಪರದೆ ಒಡೆದದ್ದಾದರೂ ನಡೆದೀತು. ಒಂದೇ ಎಚ್ಚರಿಕೆ, ಬೇಸಿಗೆಯಲ್ಲಿ ಸದಾ ನೂರಕ್ಕೆ ನೂರು ಚಾರ್ಜಿನಲ್ಲಿಟ್ಟ ಬ್ಯಾಟರಿ ಉಬ್ಬುತ್ತದೆ. ಬಯಾಸಿನಲ್ಲಿ ಚಾರ್ಜ್ ಮಿತಿ ಇದ್ದರೆ ಶೇ 60ಕ್ಕೆ ನಿಲ್ಲಿಸಬೇಕು, ಉಬ್ಬಿದ್ದರೆ ಅಂದೇ ತೆಗೆಸಬೇಕು.

ಗಣಿ ಧೂಳು ಕಡಿಮೆ ಇರುವ ಕಡೆ ನನ್ನ ಮತ ಮಾತ್ರ ಕಚೇರಿಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಸಣ್ಣ ಪಿಸಿಗಳಿಗೆ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ ಎಂಬ ಪುಸ್ತಕದ ಗಾತ್ರದ ಯಂತ್ರಗಳು. ಬೆಂಗಳೂರಿನ ಐಟಿ ಕಂಪನಿಗಳು ಲೀಸ್ ಮುಗಿದು ಹಿಂದಿರುಗಿಸಿದವು ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಾಲಾಗಿ ಕೂತಿರುತ್ತವೆ. ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿ. ಕೈಯಲ್ಲಿ ಹಿಡಿದು, ಚಾಲೂ ಮಾಡಿಸಿ, ಎಲ್ಲ ಯುಎಸ್‌ಬಿ ತೂತುಗಳಿಗೂ ಪೆನ್‌ಡ್ರೈವ್ ಹಾಕಿ ನೋಡಿ ತರಬಹುದು. ಇಂಟೆಲ್ಲಿನ ಏಳನೇ ತಲೆಮಾರಿನಿಂದ ಮುಂದಿನವು 10-ಬಿಟ್ ಎಚ್‌ಇವಿಸಿ ವಿಡಿಯೊವನ್ನು ಯಂತ್ರಾಂಶದಲ್ಲೇ ನಿಭಾಯಿಸುತ್ತವೆ, ಎಂಟನೆಯದಾದರೆ ವಿಂಡೋಸ್ 11 ಕೂಡ ಓಡುತ್ತದೆ. ಸರ್ವರ್ ಬೇಸರವಾದ ದಿನ ಅದನ್ನೇ ಮಗಳ ಓದಿಗೆ ಕೊಡಬಹುದು. ಮನೆಯ ಜಾಲಕ್ಕೆ ಜೋಡಿಸುವ, ಎರಡು ಡಿಸ್ಕಿನ ಸಿದ್ಧ ನಾಸ್ ಪೆಟ್ಟಿಗೆಗಳು ಅಂದವಾಗಿವೆ, ನಿಜ. ಖಾಲಿ ಪೆಟ್ಟಿಗೆಗೆ ಅಷ್ಟು ಕೊಡುವುದು ಸರಿಯೆನಿಸುವುದಿಲ್ಲ. 2025ರ ಏಪ್ರಿಲಿನಲ್ಲಿ ಅಂಥ ಪೆಟ್ಟಿಗೆ ಮಾಡುವ ಸಿನಾಲಜಿ ಕಂಪನಿ ತನ್ನ ಹೊಸ ಪ್ಲಸ್ ಮಾದರಿಗಳಿಗೆ ತಾನು ಒಪ್ಪಿದ ಡಿಸ್ಕುಗಳೇ ಬೇಕೆಂದು ಹೇಳಿ, ಗ್ರಾಹಕರು ಸಿಟ್ಟಾದ ಮೇಲೆ ಅಕ್ಟೋಬರಿನಲ್ಲಿ ಹಿಂದೆ ಸರಿಯಿತು. ಬೇರೆಯವರ ಪೆಟ್ಟಿಗೆಯಲ್ಲಿ ಬೇರೆಯವರ ನಿಯಮ.

ದಿನಬಳಕೆಯ ಕಂಪ್ಯೂಟರಿನ ಆಯ್ಕೆಗೂ ಇದೇ ದಾರಿ ಸಾಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಎಂಟನೇ ತಲೆಮಾರಿಗಿಂತ ಹಿಂದಿನ ಯಂತ್ರ ಇದ್ದವರು ಲಿನಕ್ಸಿಗೆ ಹೋಗಬೇಕು, ಇಲ್ಲವೇ ಯಂತ್ರ ಬದಲಿಸಬೇಕು. ಅದೇ ವರ್ಷದ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ ರ‍್ಯಾಮ್ ಬೆಲೆ ಗಗನಕ್ಕೇರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಹೀಗಿರುವಾಗ 16 ಜಿಬಿ ರ‍್ಯಾಮ್ ಒಳಗೇ ಇರುವ ಹಳೆಯ ಕಚೇರಿ ಪಿಸಿಯ ಬೆಲೆ ಇನ್ನಷ್ಟು ನ್ಯಾಯವಾಗಿ ಕಾಣುತ್ತದೆ. ಕಂಪ್ಲಿಯ ಗಿರಣಿಯಲ್ಲಿ ಟ್ಯಾಲಿ ಬರೆಯುವವರಿಗೆ ಬೇಕಾದದ್ದು ಎಸ್‌ಎಸ್‌ಡಿ, ಯುಪಿಎಸ್ ಮತ್ತು ದಿನದ ಬ್ಯಾಕಪ್, ಗ್ರಾಫಿಕ್ಸ್ ಕಾರ್ಡಲ್ಲ. ಹಂಪಿಯಲ್ಲಿ ಫೋಟೊ ತೆಗೆಯುವವರು ಪ್ರೊಸೆಸರಿನಲ್ಲಿ ಉಳಿಸಿ ಐಪಿಎಸ್ ಮಾನಿಟರಿಗೆ ಹಾಕಲಿ, ಬಂಡೆಯ ಮೇಲಿನ ಸಂಜೆಬಿಸಿಲಿನ ಬಣ್ಣ ಅಗ್ಗದ ಪರದೆಯಲ್ಲಿ ಸುಳ್ಳಾಗುತ್ತದೆ. ಸಂಡೂರಿನ ಗಣಿ ಕಚೇರಿಯಲ್ಲಿ ಮೂರು ಆಯಾಮದ ನಕ್ಷೆ ತೆಗೆಯುವವರು, ಎಂಜಿನಿಯರಿಂಗ್ ಓದುತ್ತ ಕ್ಯಾಡ್ ಕಲಿಯುವವರು, ಇವರಿಗೆ ಮಾತ್ರ ಹೊಸ, ಶಕ್ತಿಯ ಯಂತ್ರ ಬೇಕು.

ತಂತ್ರಾಂಶದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಲೆಕ್ಸ್ ನಯವಾಗಿದೆ, ಆದರೆ ಮನೆಯ ಹೊರಗಿನಿಂದ ನಿಮ್ಮದೇ ವಿಡಿಯೊ ನೋಡಲು 2025ರ ಏಪ್ರಿಲ್ 29ರಿಂದ ಹಣ ಕೇಳುತ್ತಿದೆ. ಎಂಬಿ ಹೆಸರಿನ ಇನ್ನೊಂದು ತಂತ್ರಾಂಶ ತನ್ನ ಮೂಲಸಂಕೇತ ಮುಚ್ಚಿದಾಗ 2018ರ ಡಿಸೆಂಬರಿನಲ್ಲಿ ಅದರಿಂದ ಕವಲೊಡೆದ ಜೆಲ್ಲಿಫಿನ್ ಪೂರ್ತಿ ಉಚಿತ, ಪೂರ್ತಿ ಮುಕ್ತ. ಆಂಡ್ರಾಯ್ಡ್ ಟಿವಿಗೆ ಆ್ಯಪ್ ಇದೆ. ಫೋಟೊಗಳಿಗೆ ಇಮ್ಮಿಚ್. ಗೂಗಲ್ ಫೋಟೋಸ್ 2021ರ ಜೂನ್ 1ಕ್ಕೆ ಮಿತಿಯಿಲ್ಲದ ಉಚಿತ ಸಂಗ್ರಹ ನಿಲ್ಲಿಸಿ 15 ಜಿಬಿಗೆ ಕಟ್ಟಿಹಾಕಿದ ಮೇಲೆ ಇಂಥದ್ದರ ಅಗತ್ಯ ಎಲ್ಲರಿಗೂ ತಟ್ಟಿದೆ. ವಾರಾಂತ್ಯವೊಂದರಲ್ಲಿ ಇವೆರಡನ್ನೂ ಕೂರಿಸಬಹುದು. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳಿಗೆ ತೋರಿಸುವ ಆಸೆ ಇದ್ದರೆ ಒಂದು ಅಡ್ಡಿ ಎದುರಾಗುತ್ತದೆ: ಇಲ್ಲಿನ ಅನೇಕ ಇಂಟರ್‌ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚುವುದರಿಂದ ಹೊರಗಿನಿಂದ ನಿಮ್ಮ ಮನೆಯನ್ನು ನೇರವಾಗಿ ತಲುಪಲಾಗದು. ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗ ಅದಕ್ಕೆ ಪರಿಹಾರ. ರೂಟರಿನ ಬಾಗಿಲು ತೆಗೆದು ಸರ್ವರನ್ನು ಲೋಕಕ್ಕೆಲ್ಲ ತೋರಿಸುವುದಕ್ಕಿಂತ ಸುರಕ್ಷಿತ ಕೂಡ.

ಡಿಸ್ಕಿನ ವಿಷಯದಲ್ಲಿ ಮಾತ್ರ ಅವಸರ ಮಾಡಬಾರದು. ಪೆಟ್ಟಿಗೆ ಸುಟ್ಟರೆ ಇನ್ನೊಂದು ಬರುತ್ತದೆ. ಡಿಸ್ಕ್ ಹೋದರೆ ಅಜ್ಜನ ದನಿ ಹೋಗುತ್ತದೆ. ಎಷ್ಟು ದೊಡ್ಡದು ಬೇಕು? ಡಿವಿಡಿ ಒಂದಕ್ಕೆ 4.7 ಜಿಬಿ, ಮೂವತ್ತು ಡಿವಿಡಿ ಅಂದರೂ 141. ಮಿನಿ ಡಿವಿ ಟೇಪು ಗಂಟೆಗೆ 13 ಜಿಬಿ. ಮನೆಯವರೆಲ್ಲರ ಫೋನಿನ ಫೋಟೊ, ವಿಡಿಯೊ ಇನ್ನೊಂದು ಮುನ್ನೂರು ನಾನೂರು. ಸಾಮಾನ್ಯ ಕುಟುಂಬವೊಂದರ ಸ್ವಂತದ್ದೆಲ್ಲ 2 ಟಿಬಿಯಲ್ಲಿ ಆರಾಮಾಗಿ ಕೂರುತ್ತದೆ. ಹದಿನಾರು ಟಿಬಿ ಬೇಕಾಗುವುದು ಇಂಟರ್‌ನೆಟ್ಟಿನಿಂದ ಇಳಿಸಿದ ಸಿನಿಮಾಗಳಿಗೆ. ಅವು ನಮ್ಮ ಮನೆಯಲ್ಲಿ ಅಳಿದರೆ ಲೋಕದಲ್ಲಿ ಏನೂ ಅಳಿಯುವುದಿಲ್ಲ.

ಕೈಗೆ ಸಿಗುವ ಪೋರ್ಟಬಲ್ ಡಿಸ್ಕುಗಳು ಬಹುಪಾಲು ಎಸ್‌ಎಂಆರ್ ಬಗೆಯವು: ದತ್ತಾಂಶದ ಸಾಲುಗಳನ್ನು ಒಂದರ ಅಂಚಿನ ಮೇಲೊಂದು ಬರೆಯುತ್ತವೆ. ಒಮ್ಮೆ ಬರೆದು ಹಲವು ಸಲ ನೋಡುವ ವಿಡಿಯೊಗೆ ಅಡ್ಡಿಯಿಲ್ಲ, ಪದೇ ಪದೇ ತಿದ್ದಿ ಬರೆಯುವ ಕೆಲಸಕ್ಕೆ ತೀರಾ ನಿಧಾನ. ಕೆಲವು ನಾಸ್ ಡಿಸ್ಕುಗಳಲ್ಲೂ ಹೇಳದೆ ಇದನ್ನೇ ತುಂಬಿದ್ದು 2020ರಲ್ಲಿ ಬಯಲಾಗಿ ವೆಸ್ಟರ್ನ್ ಡಿಜಿಟಲ್ ಮುಜುಗರಪಟ್ಟಿತ್ತು. ಎಸ್‌ಎಸ್‌ಡಿ ದಿನನಿತ್ಯದ ಓಟಕ್ಕೆ ಒಳ್ಳೆಯದು, ಕರೆಂಟ್ ಕೊಡದೆ ಬಿಸಿ ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿಸಲು ಒಳ್ಳೆಯದಲ್ಲ. ಜಾತ್ರೆ ಬೆಲೆಗೆ ಸಿಗುವ ‘2 ಟಿಬಿ ಪೆನ್‌ಡ್ರೈವ್’ ಮೋಸ ಎಂದೇ ತಿಳಿಯಿರಿ. ಎಫ್3 ಎಂಬ ಸಣ್ಣ ತಂತ್ರಾಂಶ ಅದರ ನಿಜವಾದ ಹೊಟ್ಟೆಯಳತೆಯನ್ನು ಹೇಳಿಬಿಡುತ್ತದೆ. ಇನ್ನು ಹೊಸದಾಗಿ ಕೊಂಡ 1 ಟಿಬಿ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ಎಂದು ತೋರಿಸಿದರೆ ಅಂಗಡಿಯವನ ಜೊತೆ ಜಗಳ ಬೇಡ. ಅವನು ಸಾವಿರದ ಲೆಕ್ಕದಲ್ಲಿ ಮಾರುತ್ತಾನೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ.

ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ ಎರಡು ಡಿಸ್ಕನ್ನು ರೇಡ್‌ನಲ್ಲಿ ಜೋಡಿಸಿ ‘ಬ್ಯಾಕಪ್ ಆಯಿತು’ ಎಂದುಕೊಳ್ಳುವುದು ಎಲ್ಲ ಕಡೆಯ ಹವ್ಯಾಸಿಗಳೂ ಮಾಡುವ ತಪ್ಪು. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ನಡೆಯುತ್ತದೆ, ಅಷ್ಟೇ. ಸಿಡಿಲು ಬಡಿದರೆ ಎರಡೂ ಹೋಗುತ್ತವೆ, ಮಗು ಒತ್ತಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬ ಹಳೆಯ ನಿಯಮಕ್ಕೆ ಈ ಸೀಮೆ ಹೇಳಿ ಮಾಡಿಸಿದ್ದು. ಹೊಸಪೇಟೆಯಿಂದ ಸಂಡೂರೂ ಕಂಪ್ಲಿಯೂ ಮೂವತ್ತು ಕಿಲೊಮೀಟರ್ ಆಸುಪಾಸು. ಮೂರೂ ಕಡೆ ನೆಂಟರಿಲ್ಲದ ಮನೆ ಕಡಿಮೆ. ಹೊಳೆ ತುಂಬಿದಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು ವಾಡಿಕೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ನದಿಪಾತ್ರದ ಊರುಗಳೆಲ್ಲ ನಿದ್ದೆಗೆಟ್ಟವು. ಕಂಪ್ಲಿ ಕೋಟೆ ಬದಿಯ ಮನೆಯವರು ಒಂದು ಡಿಸ್ಕನ್ನು ಸಂಡೂರಿನ ಗುಡ್ಡದ ಮಗ್ಗುಲಿನ ಅತ್ತಿಗೆ ಮನೆಯಲ್ಲಿ ಇಟ್ಟು, ದಸರೆಗೊಮ್ಮೆ ಯುಗಾದಿಗೊಮ್ಮೆ ಬದಲಿಸಿಕೊಂಡರೆ ಯಾವ ಕ್ಲೌಡಿಗೂ ಬಾಡಿಗೆ ಕಟ್ಟಬೇಕಿಲ್ಲ.

ಹಾಗಾದರೆ ಒಳಗೆ ಇಡುವುದು ಏನು? ಈ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಊರ ದೊಡ್ಡಾಟ, ಹಂಪಿಯ ಜೋಡಿ ರಥೋತ್ಸವ, ಹುಲಿಗಿ ಜಾತ್ರೆಗೆ ಹೋದದ್ದು, ಲಂಬಾಣಿ ತಾಂಡಾದ ಹೋಳಿ ಹಾಡು, ಇವನ್ನೆಲ್ಲ ಯಾರೋ ಒಬ್ಬರು ಹ್ಯಾಂಡಿಕ್ಯಾಮಿನಲ್ಲೋ ಟೇಪ್‌ರೆಕಾರ್ಡರಿನಲ್ಲೋ ಹಿಡಿದಿರುತ್ತಾರೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುರ್ರಕಥೆಯ ಮಹಾಕಾವ್ಯಗಳನ್ನೇ ನಾಲಗೆಯ ಮೇಲಿಟ್ಟುಕೊಂಡಿದ್ದವರು. ಕಂಪಿಲರಾಯನ ಮಗ ಕುಮಾರರಾಮನ ಕಥೆ ಅವರ ಬಾಯಲ್ಲಿ ರಾತ್ರಿಗಟ್ಟಲೆ ಹರಿಯುತ್ತಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಅವರನ್ನು ಗುರುತಿಸಲು ಒಂದು ವಿಶ್ವವಿದ್ಯಾಲಯವಿತ್ತು. ಅಂಥ ಭಾಗ್ಯವಿಲ್ಲದ ಹಾಡುಗಾರರ, ಆಟದ ಮೇಳದವರ ದನಿ ಉಳಿದಿದ್ದರೆ ಯಾವುದೋ ಮನೆಯ ಕ್ಯಾಸೆಟ್ಟಿನಲ್ಲೇ. ಮನೆ ಸರ್ವರಿಗೆ ನನ್ನ ಓಟು ಇರುವುದು ಈ ಕಾರಣಕ್ಕೆ. ಬರೀ ಒಟಿಟಿ ನೋಡುವವರಿಗೆ, ಸ್ವಂತದ ಟೇಪು ಫೋಟೊ ಏನೂ ಇಲ್ಲದವರಿಗೆ ಸರ್ವರ್ ಬೇಡ. ಟಿವಿ ಹಿಂದೆ ಒಂದು ಪೆನ್‌ಡ್ರೈವ್ ಸಾಕು.

ಫೈಲಿಗೆ ಹೆಸರಿಡುವಾಗ ಒಂದು ತಾಂತ್ರಿಕ ಮುಳ್ಳಿದೆ. ಇಂಗ್ಲಿಷಿನವರು ಅದನ್ನು ತುಳಿಯುವುದಿಲ್ಲವಾದ್ದರಿಂದ ಎಲ್ಲೂ ಬರೆದಿರುವುದಿಲ್ಲ. ಲಿನಕ್ಸಿನ ಸಾಮಾನ್ಯ ಡಿಸ್ಕ್ ವ್ಯವಸ್ಥೆಯಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಯೂನಿಕೋಡಿನ ಕನ್ನಡದಲ್ಲಿ ಪ್ರತಿ ಸಂಕೇತಕ್ಕೂ ಮೂರು ಬೈಟ್. ಒತ್ತಕ್ಷರ, ಗುಣಿತಗಳಿಗೆಲ್ಲ ಬೇರೆ ಬೇರೆ ಸಂಕೇತ. ‘ಸ್ವಾಮಿ’ ಎಂಬ ಎರಡಕ್ಷರಕ್ಕೇ 18 ಬೈಟ್ ಖರ್ಚು. ಅಲ್ಲಿಗೆ ಒಟ್ಟು ಹೆಸರು 85 ಸಂಕೇತಕ್ಕೆ ಮುಗಿಯಿತು. ವಿಂಡೋಸಿನ ಡಿಸ್ಕಿನಲ್ಲಿ ಇದರ ಮೂರು ಪಟ್ಟು ಜಾಗವಿರುವುದರಿಂದ ಅಲ್ಲಿ ಸರಿಯಿದ್ದ ‘ಶ್ರೀ ಕುಮಾರಸ್ವಾಮಿ ದೇವರ ಜಾತ್ರಾ ಮಹೋತ್ಸವದ ನಿಮಿತ್ತ’ ಎಂದು ಶುರುವಾಗುವ ಆಮಂತ್ರಣಪತ್ರದಂಥ ಹೆಸರುಗಳು ಲಿನಕ್ಸಿಗೆ ನಕಲಾಗುವಾಗ ನಡುವೆ ನಿಂತುಬಿಡುತ್ತವೆ. ವರ್ಷ, ಊರು, ಸಂದರ್ಭ ಮೂರೇ ಮಾತಿನಲ್ಲಿ ಹೆಸರಿಟ್ಟು, ಉಳಿದ ವಿವರವನ್ನು ಪಕ್ಕದಲ್ಲೊಂದು ಬರಹದ ಫೈಲಿನಲ್ಲಿ ಇಡುವುದು ವಾಸಿ: ಹಾಡಿದವರು ಯಾರು, ಮದ್ದಳೆ ಯಾರದು, ಅಂಚಿನಲ್ಲಿ ನಿಂತು ನಗುತ್ತಿರುವ ಹುಡುಗ ಯಾರ ಮಗ. ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬರೆದದ್ದಿದ್ದರೆ ಈಗಲೇ ಯೂನಿಕೋಡಿಗೆ ಬದಲಿಸಿಬಿಡಬೇಕು.

ಕಾನೂನಿನ ಮಾತನ್ನು ಹಂಪಿ, ಕಮಲಾಪುರದ ಹೋಂಸ್ಟೇಯವರು ವಿಶೇಷವಾಗಿ ಗಮನಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ, ಸ್ವಂತ ಬಳಕೆಗೆ ನ್ಯಾಯವಾದ ಮಟ್ಟಿನ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿ ತಂದ 65ಎ ಕಲಂ, ಹಕ್ಕು ಮುರಿಯುವ ಉದ್ದೇಶದಿಂದ ಡಿಸ್ಕಿನ ಬೀಗ ಒಡೆಯುವುದನ್ನು ಅಪರಾಧ ಮಾಡಿತು. ಆದರೆ ಅತಿಥಿಗಳ ಕೋಣೆಯ ಟಿವಿಗೆ ಸರ್ವರಿನಿಂದ ಸಿನಿಮಾ ಹರಿಸುವುದು ಸ್ವಂತ ಬಳಕೆಯಲ್ಲ. ಹೋಟೆಲ್ ಕೋಣೆಗಳಿಗೆ ಕೇಬಲ್ ಮೂಲಕ ತೋರಿಸುವುದನ್ನು ಆ ಕಾಯ್ದೆ ಸಾರ್ವಜನಿಕ ಪ್ರದರ್ಶನವೆಂದೇ ನೋಡುತ್ತದೆ. ಅತಿಥಿಗಳಿಗೆ ನೀವೇ ತೆಗೆದ ಹಂಪಿಯ ಚಿತ್ರ ತೋರಿಸಿ, ತಕರಾರಿಲ್ಲ. ಹಳೆಯ ಚಿತ್ರಗಳ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ವರ್ಷಾರಂಭದಿಂದ 60 ವರ್ಷ. ಆ ಲೆಕ್ಕದಲ್ಲಿ 1960ರ ‘ರಣಧೀರ ಕಂಠೀರವ’, 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರಗಳ ಅವಧಿ ಮುಗಿದಿದೆ. ವಿಜಯನಗರದವರ ಮನೆಚಿತ್ರವಾಗಬೇಕಾದ 1970ರ ‘ಶ್ರೀ ಕೃಷ್ಣದೇವರಾಯ’ 2030ರ ಕೊನೆಯವರೆಗೆ ಕಾಯಬೇಕು. ಊರ ಆಟದ ರೆಕಾರ್ಡಿಂಗ್ ನೀವೇ ಮಾಡಿದ್ದರೂ ಕುಣಿದವರಿಗೆ, ಹಾಡಿದವರಿಗೆ 50 ವರ್ಷದ ಪ್ರದರ್ಶಕ ಹಕ್ಕು ಇದೆ. ಮನೆಯಲ್ಲಿಟ್ಟುಕೊಂಡು ನೋಡಲು ಯಾರ ಅಪ್ಪಣೆಯೂ ಬೇಡ. ಯೂಟ್ಯೂಬಿಗೆ ಏರಿಸುವ ಮುನ್ನ ಮೇಳದವರನ್ನು ಕೇಳುವುದು ಕಾಯ್ದೆಗೂ ಸರಿ, ಮರ್ಯಾದೆಗೂ ಸರಿ.

ಈ ಎಲ್ಲ ಕೊಳ್ಳುವಿಕೆಗಿಂತ ಮೊದಲು ಆಗಬೇಕಾದ ಕೆಲಸ ಒಂದುಂಟು. ವಿಎಚ್‌ಎಸ್ ಟೇಪು ನುಡಿಸುವ ಯಂತ್ರವನ್ನು ಕೊನೆಯದಾಗಿ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಇರುವ ವಿಸಿಆರ್‌ಗಳ ರಬ್ಬರ್ ಬೆಲ್ಟು ನಮ್ಮ ಬಿಸಿಲಿಗೆ ಸಡಿಲವಾಗುತ್ತಿವೆ, ಟೇಪುಗಳಿಗೆ ಮಳೆಗಾಲದಲ್ಲಿ ಬಿಳಿ ಬೂಸ್ಟು ಹತ್ತುತ್ತಿದೆ. ಬೂಸ್ಟು ಹತ್ತಿದ ಟೇಪನ್ನು ಹಾಗೇ ತುರುಕಿದರೆ ಯಂತ್ರದ ಹೆಡ್ಡೂ ಹಾಳು, ಆಮೇಲೆ ಹಾಕುವ ಟೇಪೂ ಹಾಳು. ಮಿನಿ ಡಿವಿ ಟೇಪಿಗೆ ಫೈರ್‌ವೈರ್ ಕಿಂಡಿಯಿರುವ ಹಳೆಯ ಕಂಪ್ಯೂಟರ್ ಬೇಕು. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಇಲ್ಲವೇ ಇಲ್ಲ, ಲಿನಕ್ಸಿನಲ್ಲಿ ಇನ್ನೂ ಕೆಲವು ವರ್ಷ ನಡೆಯುತ್ತದೆ. ಮೂರೂ ಊರುಗಳ ಹಳೆಯ ಫೋಟೊ ಸ್ಟುಡಿಯೊಗಳಲ್ಲಿ ಮದುವೆ ವಿಡಿಯೊ ಕಾಲದ ವಿಸಿಆರ್, ಕ್ಯಾಮೆರಾ ಇಟ್ಟುಕೊಂಡವರು ಈಗಲೂ ಅಲ್ಲಲ್ಲಿ ಇದ್ದಾರೆ. ಕೇಳಿದರೆ ಗಂಟೆಗಿಷ್ಟು ಎಂದು ತೆಗೆದುಕೊಂಡು ಡಿಜಿಟಲ್ ಮಾಡಿಕೊಡುತ್ತಾರೆ. ಅವರಿಗೆ ‘ಎಚ್.264ರ ಸಣ್ಣ ಫೈಲ್ ಮಾತ್ರ ಕೊಡಬೇಡಿ, ಮೊದಲು ಇಳಿಸಿಕೊಂಡ ದೊಡ್ಡ ಫೈಲೂ ಬೇಕು’ ಎಂದು ಮುಂಚೆಯೇ ಹೇಳಿ, ಖಾಲಿ ಡಿಸ್ಕನ್ನು ನೀವೇ ಒಯ್ದು ಕೊಡಿ. ಸರ್ವರನ್ನು ಬರುವ ವರ್ಷ ಕೊಂಡರೂ ನಡೆಯುತ್ತದೆ.